ಪಾರ್ಕಿನ ತರಗೆಲೆ ಗೇಟು ದಾಟದಿರಲಿ

ಬಹಳಷ್ಟು ಪಾರ್ಕುಗಳಲ್ಲಿ ತರಗೆಲೆಯನ್ನು ಚೀಲಕ್ಕೆ ತುಂಬಿ ಲಾರಿ ಹತ್ತಿಸುತ್ತಾರೆ. ಆಮೇಲೆ ಅದೇ ಗೇಟಿನಿಂದ ಗೊಬ್ಬರದ ಚೀಲ ಒಳಗೆ ಬರುತ್ತದೆ. ಎರಡಕ್ಕೂ ದುಡ್ಡು ಖರ್ಚು! ಇದನ್ನು ತಪ್ಪಿಸುವುದು ಕಷ್ಟವೇನಲ್ಲ.

ಮೊದಲು, ಎಲ್ಲಿ ಗುಡಿಸಬೇಕು ಅಂತ ಗೊತ್ತುಮಾಡಿಕೊಳ್ಳಿ. ನಡೆಯುವ ದಾರಿ ಮತ್ತು ಚರಂಡಿಯ ಬಾಯಿ ಗುಡಿಸಲೇಬೇಕು. ಒದ್ದೆ ಎಲೆ ಜಾರುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ಮರಗಳ ಕೆಳಗಿನದನ್ನು ಸುಮ್ನೆ ಬಿಟ್ಟುಬಿಡಿ.

ಗುಡಿಸಿದ್ದನ್ನು ನೆರಳಿರುವ ಮೂಲೆಯಲ್ಲಿ, ಬರೀ ಮಣ್ಣಿನ ಮೇಲೆ ರಾಶಿ ಹಾಕಿ. ಉದ್ದ, ಅಗಲ, ಎತ್ತರ ಮೂರೂ 3 ಅಡಿಯಾದರೂ ಇರಲಿ. ಅದಕ್ಕಿಂತ ಚಿಕ್ಕ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. 3 ಬುಟ್ಟಿ ಒಣ ಎಲೆಗೆ 1 ಬುಟ್ಟಿ ಆಗತಾನೆ ಕತ್ತರಿಸಿದ ಹುಲ್ಲು ಸೇರಿಸಿ, ನೀರು ಚಿಮುಕಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ನಾಲ್ಕೈದು ದಿನ ಬಿಟ್ಟು ರಾಶಿಯ ನಡುವಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತಿನ ನಂತರ ಎಳೆದು ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಕೆಲಸ ಸರಿಯಾಗಿ ನಡೆದಿದೆ. ತಣ್ಣಗಿದ್ದರೆ ನೀರೋ ಹಸಿರೋ ಕಮ್ಮಿಯಾಗಿದೆ. ನಾತ ಹೊಡೆದರೆ ನೀರು ಜಾಸ್ತಿಯಾಗಿದೆ. ಒಣ ಎಲೆ ಸೇರಿಸಿ, ರಾಶಿ ಮಗುಚಿ. ವಾರಕ್ಕೊಮ್ಮೆ ಮಗುಚುತ್ತಿದ್ದರೆ ಮೂರ್ನಾಲ್ಕು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಅಷ್ಟು ಪುರುಸೊತ್ತಿಲ್ಲವೇ? ಬರೀ ಎಲೆ ಒಟ್ಟಿ ಬಿಟ್ಟುಬಿಡಿ, ಒಂದು ವರ್ಷ ಮೇಲಾಗಬಹುದು ಅಷ್ಟೆ. ಬೆಂಕಿ ಮಾತ್ರ ಹಾಕಬೇಡಿ. ಒಳ್ಳೇ ಗಾಳಿಗೆಂದು ಬಂದವರು ಆ ಹೊಗೆಯನ್ನೇ ಕುಡಿಯಬೇಕಾಗುತ್ತದೆ.

ಗೊಬ್ಬರವನ್ನು ಮರದ ಸುತ್ತ 2–3 ಅಂಗುಲ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ದೂರದಲ್ಲಿ, ಕೊಂಬೆ ಚಾಚಿದಲ್ಲೆಲ್ಲ, ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಬುಡದವರೆಗೂ ಸಿಮೆಂಟ್ ಬಳಿದು ‘ಅಂದ’ ಮಾಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಇನ್ನು ನೀರು. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಗಂಟೆ ಬಿಟ್ಟು ಅಳೆಯಿರಿ. ಒಂದಂಗುಲವೂ ಇಳಿದಿಲ್ಲ ಅಂದರೆ ಅಲ್ಲಿ ನೀರು ಇಂಗುವುದು ಕಷ್ಟ. ಜನ ಅಡ್ಡದಾರಿ ಹಿಡಿದು ತುಳಿದ ಜಾಗಗಳಲ್ಲಿ ಹೀಗಾಗುವುದು ಜಾಸ್ತಿ. ಆ ದಾರಿಗೆ ಕೆಲವು ತಿಂಗಳು ಬೇಲಿ ಕಟ್ಟಿ, ಮಣ್ಣು ಸಡಿಲಿಸಿ, ಗೊಬ್ಬರ ಹೊದಿಸಿ. ಉಳಿದದ್ದನ್ನು ಎರೆಹುಳು ನೋಡಿಕೊಳ್ಳುತ್ತದೆ.

500 ಚದರ ಮೀಟರ್ ದಾರಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಪಾತಿಯ ಅಂಚಿನ ಕಲ್ಲು ದಾರಿಗಿಂತ ಎತ್ತರವಿದ್ದರೆ ಅದರಲ್ಲಿ ಹೆಚ್ಚಿನದು ಚರಂಡಿ ಪಾಲು. ಅಲ್ಲಲ್ಲಿ ಒಂದೊಂದು ಕಲ್ಲು ಕಿತ್ತರೆ ಸಾಕು. ಯಾವ ಕಲ್ಲು ಅಂತ ತಿಳಿಯಬೇಕಾದರೆ ಮುಂದಿನ ಮಳೆಗೆ ಕೊಡೆ ಹಿಡಿದು ಹೋಗಿ, ನೀರು ಎಲ್ಲಿ ನಿಂತು ತಿರುಗುತ್ತದೋ ಅಲ್ಲಿ ಸುಣ್ಣದ ಕಲ್ಲಿನಿಂದಲೋ ಇಟ್ಟಿಗೆ ಚೂರಿನಿಂದಲೋ ಗುರುತು ಹಾಕಿ ಬನ್ನಿ.