ಹತ್ತರ ಬದಲು ಎಂಬತ್ತು: ಅಡಿಕೆ ತೂಗುವ ಬ್ಯಾಟರಿಯ ಕಥೆ

ಅಡಿಕೆ ತೂಗುವ ನನ್ನ ತಕ್ಕಡಿಯಲ್ಲಿ ತೂಕವನ್ನು ಅಂಕಿಯಾಗಿಸುವ ಚಿಪ್ಪು ಎಚ್‌ಎಕ್ಸ್711. ಅದನ್ನು ಸೆಕೆಂಡಿಗೆ 10ರ ಬದಲು 80 ರೀಡಿಂಗ್‌ಗೆ ಹಾಕಿ ಬ್ಯಾಟರಿ ಉಳಿಸುತ್ತೇನೆ ಎಂದಾಗ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ನಮ್ಮ ಭಾವ ನಕ್ಕರು. "ಸ್ಪೀಡು ಜಾಸ್ತಿಯಾದರೆ ನಾಯ್ಸೂ (ಅಂಕಿಯ ಕುಣಿತವೂ) ಜಾಸ್ತಿ ಅಲ್ವಾ ಭಾವ? ಹತ್ತರಲ್ಲೇ ಇರಲಿ" ಎಂದರು. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ 18650 ಸೆಲ್ಲು ಒಂದು, ಡಿಸೆಂಬರಿನಲ್ಲಿ ಹಾಕಿದ್ದು. ಏಪ್ರಿಲ್ ಕೊನೆಗೂ 4 ವೋಲ್ಟಿನ ಹತ್ತಿರವೇ ಇತ್ತು. ಈಗ ಭಾವ ನಗುವುದಿಲ್ಲ.

ಬದಿಯಡ್ಕದ ಹತ್ತಿರ ನಮ್ಮ ತೋಟದಲ್ಲಿ ಅಡಿಕೆ ಒಣಗಿಸುವ ಸೋಲಾರ್ ಗೂಡು ಇದೆ. ಒಂದು ತಟ್ಟೆ ಹಣ್ಣಡಿಕೆಯನ್ನು ಭಾರಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ 10 ಕಿಲೋ ಲೋಡ್ ಸೆಲ್ ಮೇಲೆ ಕೂರಿಸುವುದು. ತೂಕ ಇಳಿಯುವುದು ನಿಂತರೆ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಅಡಿಕೆ) ಒಣಗಿತು ಅಂತ ಲೆಕ್ಕ. ಅಪ್ಪನಿಗೆ ಇದೆಲ್ಲ ಬೇಡ. ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಆಡಿಸುತ್ತಾರೆ, ಒಳಗೆ ಲೊಟಲೊಟ ಅಂದರೆ ಮುಗಿಯಿತು.

ಮೊದಲ ವರ್ಷ ಮನೆಯಿಂದ ವಯರ್ ಎಳೆದಿದ್ದೆ. ತುಲಾ ತಿಂಗಳ ಒಂದು ಸಿಡಿಲಿಗೆ ಬೋರ್ಡು, ಅಡಾಪ್ಟರ್, ಲೋಡ್ ಸೆಲ್ ಮೂರೂ ಹೋದವು. ಸಾವಿರದ ಇನ್ನೂರೋ ಮುನ್ನೂರೋ ನೀರಿಗೆ. ಹಾಗಾಗಿ ಬ್ಯಾಟರಿ.

ಮುಂದಿನ ದಂಡ ವೋಲ್ಟೇಜ್ ಅಳೆಯುವ ಇನ್ನೊಂದು ಚಿಪ್ಪು, ಎಡಿಎಸ್1115. 16 ಬಿಟ್ ಅಂತ ಆಸೆಪಟ್ಟು ಮುನ್ನೂರು ಚಿಲ್ಲರೆ ಕೊಟ್ಟೆ. ಓಡುವಾಗಲೂ 150 ಮೈಕ್ರೋಆಂಪ್ ಸಾಕು ಅದಕ್ಕೆ. ಆದರೆ ಅದರ ಅತಿ ಸಣ್ಣ ಮೆಟ್ಟಿಲು 7.8 ಮೈಕ್ರೋವೋಲ್ಟ್. ನನ್ನ ಲೋಡ್ ಸೆಲ್ 3.3 ವೋಲ್ಟಿಗೆ, ಪೂರ್ತಿ 10 ಕಿಲೋ ಹೊತ್ತಾಗ ಕೊಡುವುದು ಬರೀ 3.3 ಮಿಲಿವೋಲ್ಟ್. ಅಂದರೆ ಒಂದು ಮೆಟ್ಟಿಲಿಗೆ 24 ಗ್ರಾಂ! ಕೊಳ್ಳುವ ಮೊದಲೇ ಈ ಭಾಗಾಕಾರ ಮಾಡಬಹುದಿತ್ತು.

ಎಂಬತ್ತು ರೂಪಾಯಿಯ ಎಚ್‌ಎಕ್ಸ್711ಗೆ ಬಂದೆ. ಸುಮ್ನೆ ಓಡಲು ಬಿಟ್ಟರೆ ನಾಲ್ಕೇ ದಿನ. ಇದನ್ನೆಲ್ಲ ನಡೆಸುವ ಪುಟ್ಟ ಬೋರ್ಡು ಪ್ರೊ ಮಿನಿಯ ಎಲ್‌ಇಡಿ, ರೆಗ್ಯುಲೇಟರ್ ಕಿತ್ತು, ತೂಗದ ಹೊತ್ತಿನಲ್ಲಿ ಅದನ್ನು ಮಲಗಿಸಿದೆ. ಹನ್ನೊಂದು ದಿನಕ್ಕೆ ಮತ್ತೆ ಖಾಲಿ. ಮಲಗಿದಾಗಲೂ ಮೀಟರಿನಲ್ಲಿ ಐದು ಮಿಲಿಆಂಪ್ ಮೇಲೆ! ಮೂರು ರಾತ್ರಿ ಹುಡುಕಿದೆ. ಮೈಕ್ರೋಆಂಪ್ ಉಳಿಸಲು ಎಲ್ಲ ಪಿನ್ನುಗಳನ್ನೂ ಇನ್‌ಪುಟ್ ಮಾಡಿದ್ದೆ. ಕ್ಲಾಕ್ ಪಿನ್ ಹೈ ಇದ್ದರೆ ಮಾತ್ರ ಎಚ್‌ಎಕ್ಸ್711 ಮಲಗುವುದು. ಇನ್‌ಪುಟ್ ಆದ ಪಿನ್ ಆ ಹೈ ಹಿಡಿದಿಡುವುದಿಲ್ಲ, ಕೈ ಬಿಟ್ಟ ಕೂಡಲೇ ಚಿಪ್ಪು ಎದ್ದು ಕೂರುತ್ತಿತ್ತು, ಜೊತೆಗೆ ಲೋಡ್ ಸೆಲ್ಲೂ. ಕರೆಂಟು ಜಾಸ್ತಿ ತಿನ್ನುವುದು ಚಿಪ್ಪಲ್ಲ, ಲೋಡ್ ಸೆಲ್ಲು. ಚಿಪ್ಪಿಗೆ ಒಂದೂವರೆ ಮಿಲಿಆಂಪ್ ಆದರೆ ಲೋಡ್ ಸೆಲ್ಲಿಗೆ ನಾಲ್ಕು.

ಆಮೇಲೆ ಸರಾಸರಿಯ ಹುಚ್ಚು. ಅರ್ಧ ನಿಮಿಷಕ್ಕೊಮ್ಮೆ ಎದ್ದು 64 ರೀಡಿಂಗ್. ಗಂಟೆಗೊಮ್ಮೆ ಸಾಕಲ್ವಾ ಎನ್ನಬೇಡಿ, ಆ ಹೊತ್ತಿಗೇ ತಟ್ಟೆ ಮೇಲೆ ಕೋಳಿ ಕೂತಿದ್ದರೆ? 10ರ ವೇಗದಲ್ಲಿ ಪ್ರತಿ ಸಲ ಆರೂವರೆ ಸೆಕೆಂಡ್ ಮೇಲೆ ಎಚ್ಚರ. ಬ್ಯಾಟರಿ ನಾಲ್ಕು ವಾರ ಬಂತು, ಚಾಲಿಗೆ ಬೇಕಾದದ್ದು ಆರು. ಸಿಕ್ಕಿದ್ದಾದರೂ ಏನು? ಬೆಳಗಿನ ಬಿಸಿಲು ಲೋಡ್ ಸೆಲ್ಲಿಗೆ ತಾಗಿದರೆ ತೂಕ 30 ಗ್ರಾಂ ತಾನಾಗಿ ಏರುತ್ತಿತ್ತು. ಅದರ ಎದುರು ಮೂರು ಗ್ರಾಮಿನ ನಾಯ್ಸ್ ತಿಕ್ಕಿ ತೊಳೆದು ಏನು ಪ್ರಯೋಜನ?

ಆಗ ಲೆಕ್ಕ ಹಾಕಿದೆ. 10ರಲ್ಲಿ ಎದ್ದ ಮೇಲೆ ಸ್ಥಿಮಿತಕ್ಕೆ ಬರಲು 400 ಮಿಲಿಸೆಕೆಂಡ್, ನಾಯ್ಸ್ 50 ನ್ಯಾನೋವೋಲ್ಟ್. 80ರಲ್ಲಿ 50 ಮಿಲಿಸೆಕೆಂಡ್, ನಾಯ್ಸ್ 90. ಅಂದರೆ ಸಮಯ ಎಂಟರಲ್ಲಿ ಒಂದು ಪಾಲು, ನಾಯ್ಸ್ ಎರಡು ಪಟ್ಟೂ ಇಲ್ಲ. 80ರಲ್ಲಿ ಎಂಟು ರೀಡಿಂಗ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ 32ಕ್ಕೆ ಇಳಿಯುತ್ತದೆ, ಒಟ್ಟು ಎಚ್ಚರ 150 ಮಿಲಿಸೆಕೆಂಡ್. 10ರಲ್ಲಿ ಒಂದೇ ರೀಡಿಂಗಿಗೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಎಚ್‌ಎಕ್ಸ್711ರ ಹಸಿರು ಮಾಡ್ಯೂಲಿನಲ್ಲಿ ಈ ವೇಗ ಆರಿಸುವ ರೇಟ್ ಪಿನ್ನನ್ನು ಗ್ರೌಂಡಿಗೆ ಕಟ್ಟಿರುತ್ತಾರೆ, ಅಂದರೆ 10ರ ವೇಗಕ್ಕೆ. ಹೊಲಿಗೆ ಸೂಜಿಯನ್ನು ಆ ಪಿನ್ನಿನ ಕಾಲಿನಡಿ ತೂರಿಸಿ, ಕಾಯಿಸುತ್ತಾ ನಿಧಾನ ಎತ್ತಿ, ಪಕ್ಕದ ಸಪ್ಲೈ ಪಿನ್ನಿಗೆ ಬೆಸೆಯಬೇಕು. ಎರಡು ಮಾಡ್ಯೂಲಿನ ಕಾಲು ಮುರಿದ ಮೇಲೆ ಮೂರನೆಯದು ಸರಿಯಾಯಿತು.

ಬಿಸಿಲಿನ 30 ಗ್ರಾಂ? ಅದಕ್ಕೊಂದು ಉಷ್ಣತೆಯ ಟೇಬಲ್ ಮಾಡಿಕೊಂಡಿದ್ದೇನೆ. ಎರಡು ಸೀಸನ್ ಕೂತು ಬರೆದದ್ದು, ಅದು ನನ್ನ ಹತ್ತಿರವೇ ಇರಲಿ.

  

ಭಾವ ಹೇಳಿದ್ದರಲ್ಲೂ ಒಂದು ಸತ್ಯ ಇದೆ. 10ರ ವೇಗ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ತಾನೇ ನುಂಗುತ್ತದೆ, 80 ನುಂಗುವುದಿಲ್ಲ. ನನ್ನ ಮೇಜಿನ ಮೇಲೆ ಅಂಕಿ ಹುಚ್ಚಾಪಟ್ಟೆ ಕುಣಿಯುತ್ತಿತ್ತು, ತೋಟಕ್ಕೆ ಒಯ್ದರೆ ಗಪ್‌ಚಿಪ್. ಈಗ ಭಾವನೇ ತಮ್ಮ ಮನೆಗೆ ಎರಡು ಕೇಳಿದ್ದಾರೆ. ಅವರ ಅಂಗಳದ ತಲೆ ಮೇಲೆಯೇ ಕರೆಂಟು ಲೈನ್. ಅಲ್ಲಿ ಏನಾಗುತ್ತದೋ ಡಿಸೆಂಬರಿನಲ್ಲಿ ನೋಡಬೇಕು.