ಟೊರ್ನಾಡೊ ಕಿಕ್: ತಿರುವು ನೆಲದಿಂದಲೇ ಬರಲಿ

ಹಾರಿ ಒದೆಯುವ ಕಿಕ್ ಕೆಡುವುದು ನೆಲದ ಮೇಲೆ. ಆದರೆ ಕಲಿಯಲು ಬಂದವರೆಲ್ಲ ಕೇಳುವುದು ಗಾಳಿಯಲ್ಲಿ ಕಾಲು ಎಲ್ಲಿರಬೇಕು ಅಂತ. ಮೊಬೈಲಿನಲ್ಲಿ ವಿಡಿಯೊ ನಿಧಾನ ಮಾಡಿ ನೋಡಿಕೊಂಡು ಬರುತ್ತಾರೆ, ಜೋರಾಗಿ ಜಿಗಿಯುತ್ತಾರೆ, ಅರ್ಧ ಸುತ್ತು ತಿರುಗಿ ಅಡ್ಡಾದಿಡ್ಡಿ ಇಳಿಯುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಚೀನಾದ ಸಮರಕಲೆ ವುಶುವಿನಲ್ಲಿ ಈ ಕಿಕ್‌ಗೆ ಶ್ವಾನ್‌ಫೆಂಗ್‌ಜ್ಯಾವ್ ಎನ್ನುತ್ತಾರೆ. ಎಡಕ್ಕೆ ತಿರುಗುತ್ತಾ ಜಿಗಿದು, ಬಲಗಾಲನ್ನು ಹೊರಗಿನಿಂದ ಒಳಕ್ಕೆ ಬೀಸಿ, ಮುಖದ ಮುಂದೆ ಎಡ ಅಂಗೈಯಿಂದ ಬಲ ಅಂಗಾಲಿಗೆ ಹೊಡೆಯಬೇಕು. ಉತ್ತರ ಚೀನಾದ ಶೈಲಿಗಳಿಂದ ಬೆಳೆದ ಚಾಂಗ್‌ಚುವಾನ್ ಎಂಬ ವುಶು ಪ್ರಕಾರದಲ್ಲಿ ಇದು ಮೂಲ ಜಿಗಿತಗಳಲ್ಲಿ ಒಂದು. ಟೇಕ್ವಾಂಡೊದಲ್ಲೂ ಟೊರ್ನಾಡೊ ಕಿಕ್ ಇದೆ. ಅದರ ಒದೆತವೇ ಬೇರೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ, ಎರಡೂ ಕೆಡುತ್ತವೆ.

ಹಂತ 1: ನಿಂತೇ ಒದೆಯಿರಿ

ಎಡಗಾಲ ಮೇಲೆ ನಿಂತು, ಬಲಗಾಲನ್ನು ಮಂಡಿ ಮಡಚದೆ ಬಲಗಡೆಯಿಂದ ಮೇಲಕ್ಕೆತ್ತಿ, ಮುಖದ ಮುಂದೆ ಹಾಯಿಸಿ ಎಡಕ್ಕೆ ಇಳಿಸಿ. ಇದು ಲಿಹೆತುಯಿ. ಪಾದ ಭುಜದ ಎತ್ತರಕ್ಕೆ ಬರದಿದ್ದರೆ ಜಿಗಿಯುವ ಯೋಚನೆಯೇ ಬೇಡ. ದಿನಾ ಹಿಮ್ಮಡಿಯನ್ನು ಕಟ್ಟೆಯ ಮೇಲಿಟ್ಟು ಕಾಲು ಎಳೆಯಿರಿ. ಕಾಲಿಗೆ ಕಟ್ಟುವ ತೂಕದ ಪಟ್ಟಿ ಕೊಂಡರೆ ಬೇಗ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಬೀಸುವ ಕಾಲಿಗೆ ತೂಕ ಕಟ್ಟಿದರೆ ಮಂಡಿ ಮತ್ತು ಸೊಂಟದ ಕೀಲಿಗೆ ಜಗ್ಗು ಬೀಳುತ್ತದೆ, ಅಷ್ಟೇ.

ಹಂತ 2: ಅದೇ ಕಿಕ್ ಅನ್ನು ಜಿಗಿಯದೆ, ಹೆಜ್ಜೆ ಹಾಕಿ ಒಂದು ಸುತ್ತು ತಿರುಗಿ ಹೊಡೆಯಿರಿ. ತಲೆ ಸುತ್ತುವುದು ನಿಂತ ಮೇಲೆ ಮುಂದಕ್ಕೆ ಹೋಗಿ.

ಮುಂದಕ್ಕೆ ಹೋಗುವ ಮೊದಲು ಶೂ ವಿಷಯ. ದಪ್ಪ ಹಿಮ್ಮಡಿಯ ರನ್ನಿಂಗ್ ಶೂ ಬೇಡವೇ ಬೇಡ. ಅದರ ತಳ ನೆಲವನ್ನು ಕಚ್ಚಿ ಹಿಡಿಯುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಚೀನಾದಲ್ಲಿ ತೆಳು ರಬ್ಬರ್ ತಳದ ಬಟ್ಟೆ ಶೂ ಹಾಕುತ್ತಾರೆ. ನಮ್ಮ ಶಾಲಾ ಮಕ್ಕಳು ಪಿ.ಟಿ.ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ಕೂಡ ಆಗುತ್ತದೆ. ಜೋಡಿಸುವ ಫೋಮ್ ಮ್ಯಾಟನ್ನು ಟೈಲ್ಸ್ ಮೇಲೆ ಹಾಸಿಕೊಂಡು ಜಿಗಿಯುವುದಂತೂ ಕಾಲು ಮುರಿದುಕೊಳ್ಳುವ ದಾರಿ. ಮ್ಯಾಟೇ ಜಾರುತ್ತದೆ. ಹುಲ್ಲು ಅಥವಾ ಗಟ್ಟಿ ಮಣ್ಣಿನ ಮೈದಾನ ಇದಕ್ಕಿಂತ ಎಷ್ಟೋ ವಾಸಿ.

ಹಂತ 3: ನೆಲ ಬಿಡುವ ಗಳಿಗೆ

ಎಲ್ಲರೂ ಎಡವುವುದು ಇಲ್ಲೇ. ಮೊದಲು ನೇರ ಮೇಲಕ್ಕೆ ಜಿಗಿಯುತ್ತಾರೆ, ಆಮೇಲೆ ತಿರುಗಲು ಒದ್ದಾಡುತ್ತಾರೆ. ಆಗೋದಿಲ್ಲ. ಕಾಲು ನೆಲ ಬಿಟ್ಟ ಮೇಲೆ ಒತ್ತಿ ತಿರುಗಲು ಏನೂ ಇರುವುದಿಲ್ಲವಲ್ಲ. ನೆಲದಿಂದ ತಂದ ಸುತ್ತನ್ನು ಕೈ ಒಳಗೆಳೆದು ಚುರುಕು ಮಾಡಬಹುದು, ಕೈ ಚಾಚಿ ನಿಧಾನ ಮಾಡಬಹುದು. ಹೊಸ ಸುತ್ತು ಗಾಳಿಯಲ್ಲಿ ಹುಟ್ಟುವುದಿಲ್ಲ.

ಎಡಗಾಲು ಒಂದು ಹೆಜ್ಜೆ ಮುಂದಿಡಿ. ಬಲಗಾಲನ್ನು ಅದರ ಮುಂದಕ್ಕೆ ತರುವಾಗ, ಪಾದ ನೆಲ ಮುಟ್ಟುವ ಮೊದಲೇ ಬೆರಳುಗಳನ್ನು ಎಡಕ್ಕೆ ತಿರುಗಿಸಿ. ನೀವು ಹೋಗುತ್ತಿರುವ ದಾರಿಗೆ ಪಾದ ಅಡ್ಡವಾಗಿ ಬೀಳಬೇಕು. ಇದರಿಂದ ಸುತ್ತಿನ ಕಾಲುಭಾಗ ಪುಕ್ಕಟೆ ಸಿಗುತ್ತದೆ. ಬೆರಳು ಮುಂದಕ್ಕೇ ಇದ್ದು ಮೈ ಮಾತ್ರ ಎಡಕ್ಕೆ ಹೊರಳಿದರೆ ಆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಜಿಗಿಯುವಾಗ ಬಲ ಮಂಡಿ ನೋಯುತ್ತದೆ ಅನ್ನುವವರ ಪಾದವನ್ನು ಮೊದಲು ನೋಡಿ. ಹೆಚ್ಚಾಗಿ ಉತ್ತರ ಅಲ್ಲೇ ಇರುತ್ತದೆ.

ಪಾದ ಊರಿದ ಕೂಡಲೇ ಮಂಡಿ ಬಗ್ಗಿಸಿ, ಅರ್ಧ ಬಸ್ಕಿಯಷ್ಟು ಸಾಕು. ಪೂರ್ತಿ ಕೂತರೆ ಏಳುವಷ್ಟರಲ್ಲಿ ಓಟದ ವೇಗ ಸತ್ತುಹೋಗಿರುತ್ತದೆ. ಈ ಹೊತ್ತಿಗೆ ಎರಡೂ ಕೈ ಬಲಗಡೆ ಇರಲಿ. ಅಲ್ಲಿಂದ ಕೆಳಗೆ ತಂದು ಎಡಕ್ಕೆ, ಮೇಲಕ್ಕೆ ಬೀಸಿ. ಕಣ್ಣು ಎಡ ಭುಜದ ಮೇಲಿಂದ ಹಿಂದಕ್ಕೆ ನೋಡಲಿ. ಕೈ, ತಲೆ, ಭುಜ ಹೊರಟ ಮೇಲೆ ಎಡಗಾಲು ಏಳಬೇಕು. ನೆಲ ಒದ್ದು ಬಲಗಾಲು ಬಿಡುವುದು ಎಲ್ಲಕ್ಕಿಂತ ಕೊನೆಗೆ.

ಎಡಗಾಲನ್ನು ಸುಮ್ನೆ ನೇತುಬಿಡುವವರು ಜಾಸ್ತಿ. ಅದೇ ನಿಮ್ಮನ್ನು ಮೇಲಕ್ಕೆ ಎಳೆಯುವ ಕಾಲು. ತೊಡೆ ಸೊಂಟದ ಮಟ್ಟಕ್ಕೆ ಏರಬೇಕು, ಬಲಗಾಲು ಬೀಸುವಾಗ ತಾನಾಗಿ ಇಳಿಯಬೇಕು. ಇನ್ನೊಂದು ಚಾಳಿ, ಕುರ್ಚಿಯ ಮೇಲೆ ಕೂತವರಂತೆ ಕುಂಡೆ ಹಿಂದಕ್ಕೆ ಬಿಟ್ಟು ಜಿಗಿಯುವುದು. ಸೊಂಟ ಹಿಂದೆ ಉಳಿದರೆ ಕಾಲು ಮೇಲೆ ಬರುವುದೇ ಇಲ್ಲ.

ಎರಡು ವಾರ ಕಿಕ್ ಮರೆತುಬಿಡಿ. ಬರೀ ಹೆಜ್ಜೆ, ಬೀಸು, ಜಿಗಿತ, ಸುತ್ತು. ಶುರುವಿನಲ್ಲಿ ಯಾವ ಗೋಡೆ ನೋಡುತ್ತಿದ್ದಿರೋ ಅದೇ ಗೋಡೆ ನೋಡುತ್ತಾ ಇಳಿಯಬೇಕು. ಇಷ್ಟು ಬಂದರೆ ಕಿಕ್ ಸೇರಿಸುವುದು ಒಂದು ಸಂಜೆಯ ಕೆಲಸ. ಗೆಳೆಯರ ಹೆಗಲು ಹಿಡಿದು ಜಿಗಿಯುವ ಅಡ್ಡದಾರಿಯೂ ಉಂಟು. ನನಗೆ ಅದು ಸೇರುವುದಿಲ್ಲ, ಕೈ ಬೀಸುವುದನ್ನು ಕಲಿಯದೆ ಹೋಗುತ್ತೀರಿ.

ಹಂತ 4: ಚಪ್ಪಾಳೆ

ಅಂಗೈ ಅಂಗಾಲಿಗೆ ತಾಗಿ ಟಪ್ ಅನ್ನಬೇಕು. ಆ ಸದ್ದಿನ ಆಸೆಗೆ ಬಿದ್ದು ಮಂಡಿ ಮಡಚಿ ಪಾದವನ್ನು ಕೈಗೆ ಕೊಡುತ್ತಾರೆ, ಇಲ್ಲವೇ ಬಗ್ಗಿ ಕೈಯನ್ನು ಕೆಳಗೆ ತರುತ್ತಾರೆ. ಕೈ ಮುಖದ ಮುಂದೆಯೇ ಕಾಯಲಿ, ಕಾಲು ಅಲ್ಲಿಗೆ ಬರಲಿ. ಸದ್ದಿಲ್ಲದ ನೇರ ಕಾಲು ಮೊದಲು, ಸದ್ದು ಆಮೇಲೆ.

ಹಂತ 5: ಇಳಿಯುವುದು

ಕಲಿಯುವವರು ಎಡಗಾಲ ಮೇಲೆ ಇಳಿಯಿರಿ, ಬಲಗಾಲು ಹಿಂದೆಯೇ ಬರುತ್ತದೆ. ಪಾದದ ಮುಂಭಾಗ ಮೊದಲು, ಹಿಮ್ಮಡಿ ನಂತರ, ಮಂಡಿ ಬಗ್ಗಿರಲಿ. ಮಂಡಿ ಪಾದದ ಬೆರಳಿನ ನೇರಕ್ಕೇ ಇರಬೇಕು. ಸುತ್ತು ಅರ್ಧಕ್ಕೆ ನಿಂತಾಗ ಅದು ಒಳಕ್ಕೆ ವಾಲುತ್ತದೆ, ಮಂಡಿಯ ಲಿಗಮೆಂಟ್ ಹರಿಯುವುದು ಹೀಗೇ. ದಣಿದ ಮೇಲೆ ಕೊನೆಗೊಂದು ಅಂತ ಜಿಗಿಯಬೇಡಿ.

ಸ್ಪರ್ಧೆಯಲ್ಲಿ ಇದೇ ಕಿಕ್ 360, 540, 720 ಡಿಗ್ರಿ ಎಂದು ಏರುತ್ತದೆ. ಎರಡೂ ಕಾಲನ್ನು ಅಗಲವಾಗಿ ಊರಿ ಕುಳಿತ ಮಾಬು ಭಂಗಿಗೆ ಇಳಿದು ಅಲ್ಲಾಡದೆ ನಿಲ್ಲುವುದು ಚೆಂದ. ನಿಜ ಹೇಳಬೇಕೆಂದರೆ ಚಾಂಗ್‌ಚುವಾನ್ ಸ್ಪರ್ಧೆಯ 10 ಅಂಕಗಳಲ್ಲಿ ಇಂಥ ಕಷ್ಟದ ಜಿಗಿತಗಳಿಗೆಲ್ಲ ಸೇರಿ ಮೀಸಲಿರುವುದು 2, ಚಲನೆಯ ಗುಣಮಟ್ಟಕ್ಕೆ 5. ನೇರ ಕಾಲಿನ 360 ಕೈಗೆ ಬರುವ ಮೊದಲೇ 540ಕ್ಕೆ ಕೈ ಹಾಕುವ ಹುಡುಗರಿಗೆ ಈ ಲೆಕ್ಕ ತೋರಿಸಿ. ಹಾಗೂ ಕೇಳದಿದ್ದರೆ ಅಂಗಳದಲ್ಲಿ ಬಿಡಬೇಡಿ, ದಪ್ಪ ಮ್ಯಾಟ್ ಇರುವ ಕಡೆ, ತರಬೇತುದಾರರ ಎದುರಿಗೇ ಜಿಗಿಯಲಿ.