ಮಕ್ಕಳ ಗೋಡೆ ಪತ್ರಿಕೆ: ಮೊದಲ ಸಂಚಿಕೆ ತರುವುದು ಹೇಗೆ?

ಹಸುವಿನ ಬಗ್ಗೆ ಬರೆಯಿರಿ ಅಂದರೆ ನಮ್ಮ ಐದನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಸಾಲು ಬರೆಯುತ್ತಿದ್ದರು: ‘ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ.’ ಒಂದು ದಿನ ಪ್ರಶ್ನೆ ಬದಲಿಸಿದೆ. ‘ಈ ವಾರ ನಿಮ್ಮ ಕೊಟ್ಟಿಗೆಯಲ್ಲಿ ಏನಾಯಿತು?’ ಅಂದೆ. ಒಬ್ಬ ಹುಡುಗಿ ಬರೆದಳು: ‘ಕರು ಹುಟ್ಟಿದಾಗ ಅದರ ಗೊರಸು ಹಳದಿ ಇತ್ತು. ಮುಟ್ಟಿದ್ರೆ ಬೆಣ್ಣೆ ತರ ಮೆತ್ತಗೆ. ಹೊಟ್ಟೆಯೊಳಗೆ ಅಮ್ಮನಿಗೆ ಚುಚ್ಚಬಾರದು ಅಂತ ಹಾಗಿರುತ್ತೆ ಅಂದ್ರು ಅಜ್ಜ.’

ಯಾವ ಗೈಡಿನಲ್ಲೂ ಇಲ್ಲದ ಮಾತು ಅಲ್ವಾ? ಇಂಥದ್ದನ್ನು ನಾಲ್ಕು ಜನ ಓದಬೇಕು. ಅದಕ್ಕೆ ಮಕ್ಕಳ ಬರಹ, ಚಿತ್ರಗಳನ್ನು ಶಾಲೆಯ ಗೋಡೆಗೆ ಅಂಟಿಸುವ ಗೋಡೆ ಪತ್ರಿಕೆಗಿಂತ ಸುಲಭದ ದಾರಿ ಇನ್ನೊಂದಿಲ್ಲ.

ಮೊದಲು ಜಾಗ ಹುಡುಕಿ. ಹೆಡ್ ಮೇಷ್ಟ್ರ ಕೋಣೆ ಪಕ್ಕ ಬೇಡ. ಮಕ್ಕಳು ಊಟಕ್ಕೆ ಸಾಲು ನಿಲ್ಲುವ ಜಗಲಿ ಒಳ್ಳೆಯದು. ಎರಡು ಡ್ರಾಯಿಂಗ್ ಶೀಟ್ ಜೋಡಿಸಿ, ಮೂರನೇ ಕ್ಲಾಸಿನ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿಗೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಲಕಿದರೆ ಅಂಟು ರೆಡಿ.

ಆಮೇಲೆ ಐದು ಮಕ್ಕಳ ಸಂಪಾದಕ ತಂಡ ಕಟ್ಟಿ. ಪ್ರತಿ ತಿಂಗಳು ತಂಡ ಬದಲಾಗಲಿ. ಬರೀ ಜಾಣ ಮಕ್ಕಳನ್ನೇ ಆರಿಸಬೇಡಿ. ಹೆಸರು ಇಡುವುದು, ಯಾವ ಬರಹ ಎಲ್ಲಿ ಅಂತ ತೀರ್ಮಾನಿಸುವುದು ಎಲ್ಲ ಅವರದೇ ಕೆಲಸ.

ಈಗ ಬರಹ. ‘ಏನಾದರೂ ಬರೀರಿ’ ಅಂದರೆ ಮಕ್ಕಳು ಸುಮ್ನೆ ಕೂರುತ್ತಾರೆ. ಕಣ್ಣಿಗೆ ಕಾಣುವ ಪ್ರಶ್ನೆ ಕೊಡಿ: ನಿಮ್ಮ ಬೀದಿಯಲ್ಲಿ ಬೆಳಗ್ಗೆ ಮೊದಲು ಕೇಳುವ ಸದ್ದು ಯಾವುದು? ಅಜ್ಜಿ ಬೈಯುವಾಗ ಯಾವ ಗಾದೆ ಹೇಳುತ್ತಾರೆ? ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ಇಲ್ಲವೇ ಅದು ಹೇಳಿದ್ದನ್ನು ಗೆಳೆಯ ಬರೆದುಕೊಳ್ಳಲಿ. ತಿಂಗಳ ಮೂರನೇ ಶನಿವಾರ ಶಾಲೆಗಳಲ್ಲಿ ‘ಸಂಭ್ರಮ ಶನಿವಾರ’, ಅಂದರೆ ಮಕ್ಕಳು ಬ್ಯಾಗ್ ಇಲ್ಲದೆ ಬರುವ ದಿನ. ಆ ದಿನ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಜಾಸ್ತಿ ಎಚ್ಚರ ಬೇಕಿರುವುದು ತಿದ್ದುವಾಗ. ಕೆಂಪು ಪೆನ್ನು ಪಕ್ಕಕ್ಕಿಡಿ. ನಾನೂ ಮೊದಮೊದಲು ‘ಮೆತ್ತಗೆ’ಯನ್ನು ‘ಮೃದುವಾಗಿ’ ಅಂತ ತಿದ್ದಿದ್ದೆ. ಆ ಹುಡುಗಿ ಮುಂದಿನ ವಾರ ಎರಡೇ ಸಾಲು ಬರೆದು ಕೊಟ್ಟಳು. ಆಮೇಲೆ ತಿದ್ದುವುದು ಬಿಟ್ಟು ಕೇಳಲು ಶುರು ಮಾಡಿದೆ: ‘ಕರು ಎದ್ದು ನಿಲ್ಲೋಕೆ ಎಷ್ಟು ಹೊತ್ತು ಬೇಕಾಯ್ತು?’ ಅವಳು ಓಡಿಹೋಗಿ ಇನ್ನೊಂದು ಹಾಳೆ ತಂದಳು. ಕಾಗುಣಿತದ ತಪ್ಪನ್ನು ಶುದ್ಧ ಪ್ರತಿ ಮಾಡುವಾಗ ಮಗುವಿನ ಜೊತೆ ಕೂತು ಸರಿ ಮಾಡಿದರೆ ಸಾಕು. ಮನೆಮಾತು ಹಾಗೇ ಇರಲಿ.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ಆಟ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ನಡೆಸಿದ್ದರು. ಒಂದು ಗೋಡೆಯಾದರೂ ಮಕ್ಕಳ ಕೈಗೆ ಕೊಡಲು ನಮಗೇನು ಅಡ್ಡಿ?

ಬಹುಮಾನ ಮಾತ್ರ ಇಡಬೇಡಿ. ಇಟ್ಟರೆ ಮರುವಾರವೇ ಅಪ್ಪ ಅಮ್ಮ ಬರೆದುಕೊಟ್ಟ ಕವಿತೆಗಳು ಬರುತ್ತವೆ.

ತಿಂಗಳಾದ ಮೇಲೆ ಹಾಳೆಗಳನ್ನು ಬಿಡಿಸಿ, ದಾರದಲ್ಲಿ ಹೊಲಿದು ಓದುವ ಮೂಲೆಯಲ್ಲಿಡಿ. ಮುಂದಿನ ವರ್ಷ ಅದೇ ಕ್ಲಾಸಿಗೆ ಬರುವ ತಮ್ಮ ತಂಗಿಯರು ಅಕ್ಕನ ಪುಟ ಎಲ್ಲಿದೆ ಅಂತ ಮೊದಲು ಹುಡುಕುತ್ತಾರೆ.